ಸೋಪ್‌ವರ್ಟ್ ನೆಡೋ ಮುಂಚೆ ಇದನ್ನೊಂದು ಓದಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣೀಲಿ ಸೋಪ್‌ವರ್ಟ್ ಗಿಡದ ಬಗ್ಗೆ, ಅದೇ ಕುದಿಸಿದ್ರೆ ಸೋಪಿನ ಥರ ನೊರೆ ಬಂದು ಬಟ್ಟೆ ತೊಳೆಯೋಕಾಗೋ ಗಿಡ, ಬಂದಿದ್ದನ್ನ ಇ-ಪೇಪರಲ್ಲಿ ಓದ್ದೆ. ಫೋಟೋ ಚೆನ್ನಾಗಿತ್ತು. ಆದ್ರೆ ಆರೈಕೆ ಏನೂ ಬೇಡ, ಎಲ್ಲಿ ಬೇಕಾದ್ರೂ ನೆಡಬಹುದು, ಮೀನಿನ ಕೊಳದ ದಡದಲ್ಲಂತೂ ಬಹಳ ಚಂದ ಅನ್ನೋ ಮಾತು ನೋಡಿ ಸುಮ್ನಿರೋಕಾಗ್ಲಿಲ್ಲ. ನಾನಿರೋದು ಇಂಗ್ಲೆಂಡಿನ ಯಾರ್ಕ್‌ಶೈರಲ್ಲಿ. ಈ ಗಿಡ ಪಕ್ಕದ ಮನೆ ಹಿತ್ತಲಲ್ಲೂ ಇದೆ ನಮ್ಮ ಹಿತ್ತಲಲ್ಲೂ ಇದೆ, ಅಲ್ಲಿಂದ್ಲೇ ಬೇಲಿ ಕೆಳಗೆ ನುಸುಳಿಕೊಂಡು ಇಲ್ಲಿಗೆ ಬಂದಿದ್ದು, ಹಾಗಾಗಿ ಅದರ ಗುಣ ಸ್ವಲ್ಪ ಗೊತ್ತು.

ಮೊದಲು ಮೀನಿನ ವಿಷ್ಯ. ಈ ಗಿಡದಲ್ಲಿ ನೊರೆ ಬರಿಸೋದು ಸಪೋನಿನ್ ಅನ್ನೋ ಅಂಶ, ಎಲೆಯಲ್ಲೂ ಇರುತ್ತೆ, ಬೇರಲ್ಲಿ ಜಾಸ್ತಿ. ಅದು ನೀರಿಗೆ ಇಳಿದ್ರೆ ಮೀನಿನ ಕಿವಿರು ಹಾಳಾಗಿ ಮೀನು ಉಸಿರಾಡೋಕಾಗದೆ ಸಾಯ್ತವೆ. ಮಲೆನಾಡಿನ ಕಡೆ ಹಿಂದೆ ಕಾರೆಕಾಯಿ ಜಜ್ಜಿ ಹಳ್ಳದ ಮಡುವಿಗೆ ಹಾಕಿ ಮೀನು ಹಿಡೀತಿದ್ರಲ್ಲ, ಅದೂ ಇದೇ ಸಪೋನಿನ್ ಕೆಲ್ಸಾನೇ. ಕೊಳ, ಮೀನಿನ ತೊಟ್ಟಿ ಇದ್ದೋರು ಇದನ್ನ ಅದರ ಹತ್ರ ನೆಡಲೇಬಾರ್ದು, ಇದರ ರಸದಲ್ಲಿ ಬಟ್ಟೆ ತೊಳೆದ ನೀರನ್ನೂ ಅಲ್ಲಿಗೆ ಚೆಲ್ಲಬಾರ್ದು.

ಇನ್ನು ಆರೈಕೆ ಬೇಡ ಅನ್ನೋದು ಅರ್ಧ ನಿಜ. ಗೊಬ್ಬರ ಬೇಡ, ಫಲವತ್ತಾದ ಮಣ್ಣಿಗೆ ಹಾಕಿದ್ರೆ ಎರಡು ಮೂರಡಿ ಉದ್ದ ಬೆಳೆದು ನೆಟ್ಟಗೆ ನಿಲ್ಲೋಕಾಗದೆ ಅಂಗಾತ ಬೀಳುತ್ತೆ. ಬಡ ಮಣ್ಣು, ನೀರು ಬಸಿದು ಹೋಗೋ ಜಾಗ, ಒಂದಿಷ್ಟು ಬಿಸಿಲು, ಅಷ್ಟು ಸಾಕು. ಆದ್ರೆ ಇದಕ್ಕೆ ಬೇಕಿರೋ ಆರೈಕೆ ಬೆಳೆಸೋದಲ್ಲ, ತಡೆಯೋದು! ಮಣ್ಣೊಳಗೆ ಬೇರುಕಾಂಡ ಗರಿಕೆ ಥರ ಅಡ್ಡಡ್ಡ ಓಡುತ್ತೆ, ಹೊರಗೆ ಕಂದು ಬಣ್ಣ, ಮುರಿದ್ರೆ ಒಳಗೆ ಬಿಳಿ, ಕೀಳೋಕೆ ಹೋದಾಗ ಪಟಕ್ಕಂತ ತುಂಡಾಗಿ ಒಂದು ಬೆರಳುದ್ದ ಒಳಗೇ ಉಳಿಯುತ್ತೆ, ಮುಂದಿನ ವಸಂತಕ್ಕೆ ನೋಡಿದ್ರೆ ಆ ತುಂಡಿಂದ್ಲೇ ಹೊಸ ಚಿಗುರು. ಅದಕ್ಕೇ ನಾನು ತಳ ಕತ್ತರಿಸಿದ ದೊಡ್ಡ ಪ್ಲಾಸ್ಟಿಕ್ ಕುಂಡಾನ ಅಂಚು ಮಾತ್ರ ಮೇಲೆ ಕಾಣೋ ಹಾಗೆ ನೆಲದಲ್ಲಿ ಹೂತು ಅದರೊಳಗೆ ನೆಟ್ಟಿದೀನಿ, ವರ್ಷಕ್ಕೊಂದ್ಸಲ ಸುತ್ತ ಅಗೆದು ಆಚೆ ಬಂದಿರೋ ಬೇರು ತೆಗೀತೀನಿ. ಹೂ ಬಾಡಿದ ತಕ್ಷಣ ಕತ್ತರಿಸಿಬಿಡ್ಬೇಕು, ಇಲ್ಲಾಂದ್ರೆ ಬೀಜ ಉದುರಿ ಅದೊಂದು ಬೇರೆ ತಾಪತ್ರಯ. ಕತ್ತರಿಸಿದ್ರೆ ಇನ್ನೊಂದು ಸುತ್ತು ಹೂ ಬಿಡೋದೂ ಉಂಟು.

ಇಷ್ಟೆಲ್ಲಾ ಬೈದ್ರೂ ಗಿಡ ನಂಗಿಷ್ಟಾನೇ ಮತ್ತೆ. ಜುಲೈಯಿಂದ ಸೆಪ್ಟೆಂಬರ್ ತನಕ ತಿಳಿ ಗುಲಾಬಿ ಹೂ, ಐದೇ ಎಸಳು, ಕಾರ್ನೇಶನ್ ಹೂವಿನ ಕುಟುಂಬದ್ದೇ ಇದು, ಸಂಜೆ ಆಗ್ತಿದ್ದ ಹಾಗೆ ವಾಸನೆ ಜಾಸ್ತಿ ಆಗುತ್ತೆ, ಆ ಹೊತ್ತಿಗೆ ಹಾಕ್ ಮಾತ್ ಅಂತಾರಲ್ಲ ಆ ದೊಡ್ಡ ಪತಂಗಗಳು ಬರ್ತವೆ. ಈ ಕಡೆ ಹಿಂದಿನ ಕಾಲದಲ್ಲಿ ಉಣ್ಣೆ ಗಿರಣಿಗಳ ಹತ್ರ ಬಟ್ಟೆ ತೊಳೆಯೋಕೆ ಅಂತಾನೇ ಇದನ್ನ ಬೆಳೆಸ್ತಿದ್ರು. ವೆಸ್ಟ್ ಸಸೆಕ್ಸ್‌ನಲ್ಲಿ ಅಪ್‌ಪಾರ್ಕ್ ಅಂತ ಒಂದು ದೊಡ್ಡ ಹಳೇ ಬಂಗಲೆ ಇದೆ, 1930ರ ದಶಕದಲ್ಲಿ ಆ ಮನೆಯೊಡತಿ ಲೇಡಿ ಮೀಡ್-ಫೆದರ್‌ಸ್ಟನ್‌ಹಾ ಶಿಥಿಲ ಆಗಿದ್ದ ಹಳೇ ಪರದೆಗಳನ್ನ ಇದೇ ಗಿಡದ ರಸದಲ್ಲಿ ತೊಳೆದು ಉಳಿಸಿಕೊಂಡ್ರು. 1989ರಲ್ಲಿ ಆ ಮನೆಗೆ ಬೆಂಕಿ ಬಿತ್ತು, ಆದ್ರೂ ಒಳಗಿದ್ದ ಸಾಮಾನು ಸುಮಾರಷ್ಟು ಹೊರಗೆ ತಂದಿದ್ರು, ಮನೆ ರಿಪೇರಿ ಆಗಿ 1995ರಲ್ಲಿ ಮತ್ತೆ ಜನಕ್ಕೆ ತೆರೆದ್ರು.

ನಾನು ತೊಳೆಯೋದು ರೇಷ್ಮೆ ಬ್ಲೌಸು, ಉಣ್ಣೆ ಶಾಲು ಅಷ್ಟೆ. ಒಂದೆರಡು ಹಿಡಿ ಎಲೆ ಕಾಂಡ ಸಣ್ಣಗೆ ಹೆಚ್ಚಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಆರಿದ ಮೇಲೆ ಚೆನ್ನಾಗಿ ಹಿಸುಕಿ ಹಳೇ ಪಂಚೆ ತುಂಡಲ್ಲಿ ಸೋಸಿದ್ರೆ ಹಸಿರು ಮಿಶ್ರಿತ ಕಂದು ನೀರು ಬರುತ್ತೆ, ಕೈಯಾಡಿಸಿದ್ರೆ ತೆಳ್ಳಗೆ ನೊರೆ. ಡಿಟರ್ಜೆಂಟ್ ಥರ ಬುರುಬುರು ನೊರೆ ನಿರೀಕ್ಷೆ ಮಾಡ್ಬೇಡಿ. ರೇಷ್ಮೆ ಉಣ್ಣೆ ಎರಡೂ ಪ್ರೋಟೀನ್ ನೂಲು, ಬಟ್ಟೆ ಪೌಡರಿನ ಕ್ಷಾರ ಮತ್ತೆ ಕಲೆ ತೆಗೆಯೋಕೆ ಹಾಕಿರೋ ಎನ್‌ಜೈಮು ಆ ನೂಲನ್ನೇ ತಿಂತವೆ, ಸಪೋನಿನ್ ನೀರಿಗೆ ಆ ಕಾಟ ಇಲ್ಲ. ಬಣ್ಣ ಹಿಡಿಯುತ್ತಾ ಬಿಡುತ್ತಾ ಅಂತ ಮೂಲೇಲಿ ಮೊದಲು ನೋಡ್ಕೊಳ್ಳಿ. ಕಣ್ಣಿಗೆ ತಾಗಿದ್ರೆ ಭಾರೀ ಉರಿ. ಮಾಡಿದ ನೀರು ಬಹಳ ದಿನ ಇಡೋ ಹಾಗಿಲ್ಲ, ಹಳಸುತ್ತೆ, ಬೇಕಾದಾಗ ಬೇಕಾದಷ್ಟೇ ಮಾಡಿ.

ಈಗ ಊರಲ್ಲಿರೋರಿಗೆ ಒಂದು ಮಾತು. ನನ್ನ ತಂಗಿ ಬೆಂಗಳೂರಲ್ಲಿ ರೀಲ್ಸ್ ನೋಡಿ ಆನ್‌ಲೈನಲ್ಲಿ ಈ ಬೀಜ ತರಿಸಿದ್ಲು, ಪ್ಯಾಕೆಟ್ ಮೇಲೆ ಹೇಗೆ ಬಿತ್ತಬೇಕು ಅಂತ ಒಂದಕ್ಷರ ಇಲ್ಲ, ದುಡ್ಡು ಮಾತ್ರ ಚೆನ್ನಾಗಿ ತಗೊಂಡಿದಾರೆ. ಇದು ಚಳಿ ದೇಶದ ಗಿಡ, ಬೀಜ ಮೊಳಕೆ ಚೆನ್ನಾಗಿ ಒಡೀಬೇಕಂದ್ರೆ ಮೊದಲು ಕೆಲವು ವಾರ ಶೀತ ತಾಗಬೇಕು. ಇಲ್ಲಿ ಚಳಿಗಾಲಾನೇ ಆ ಕೆಲ್ಸ ಮಾಡುತ್ತೆ, ಅಲ್ಲಿ ಒದ್ದೆ ಮರಳಲ್ಲಿ ಕಲಸಿ ಫ್ರಿಜ್ಜಲ್ಲಿಡಬೇಕು. ಇಷ್ಟೆಲ್ಲಾ ಯಾಕೆ ಅಂತ ನಂಗನ್ಸುತ್ತೆ, ಮನೇಲೇ ಅಂಟುವಾಳ ಇಟ್ಕೊಂಡು! ಸಪೋನಿನ್ ಲೆಕ್ಕದಲ್ಲಿ ಅಂಟುವಾಳದ ಸಿಪ್ಪೆ ಮುಂದೆ ಈ ಎಲೆ ಏನೇನೂ ಅಲ್ಲ, ಅಜ್ಜಿ ಕಾಲದಿಂದ ರೇಷ್ಮೆ ಸೀರೆ, ಚಿನ್ನದ ಒಡವೆ ಎಲ್ಲಾ ತೊಳೆದಿದ್ದು ಅದರಲ್ಲೇ ಅಲ್ವಾ, ಗ್ರಂಧಿಗೆ ಅಂಗಡೀಲಿ ಈಗ್ಲೂ ಸಿಗುತ್ತೆ. ಜಾಗ ಇದ್ದೋರು ಮರಾನೇ ನೆಡಿ. ಬೀಜದ ಸಿಪ್ಪೆ ಕಲ್ಲಿನಷ್ಟು ಗಟ್ಟಿ, ಸ್ವಲ್ಪ ಉಜ್ಜಿ ಒಂದು ದಿನ ಬೆಚ್ಚನೆ ನೀರಲ್ಲಿ ನೆನೆಸಿ ಮಳೆಗಾಲದ ಶುರೂಲಿ ಹಾಕಿ. ಕಾಯಿಗೆ ವರ್ಷಗಟ್ಟಲೆ ಕಾಯಬೇಕು, ಮರವೂ ದೊಡ್ಡದಾಗುತ್ತೆ, 30×40 ಸೈಟಲ್ಲಿ ಆಗೋ ಮಾತಲ್ಲ. ಅಂಥೋರಿಗೆ ಅಂಗಡಿ ಇದೆಯಲ್ಲ.

ನಿಮ್ಮ ಪೇಪರ್ ಅಮೆರಿಕದಲ್ಲೂ ಓದ್ತಾರೆ ಅಂತ ಇದೊಂದು ಸೇರಿಸ್ತೀನಿ. ಅಲ್ಲಿ ಈ ಗಿಡ ತೋಟದಿಂದ ತಪ್ಪಿಸ್ಕೊಂಡು ರಸ್ತೆಬದಿ, ಹೊಳೆದಂಡೆ ಎಲ್ಲಾ ಕಡೆ ಹಬ್ಬಿದೆ, ಕೊಲರಾಡೋ ರಾಜ್ಯ ಇದನ್ನ ಅಪಾಯಕಾರಿ ಕಳೆ ಅಂತ ಪಟ್ಟೀಲೇ ಹಾಕಿದೆ. ಅಲ್ಲಿರೋರು ಬೀಜ ಕೊಳ್ಳೋ ಮುಂಚೆ ತಮ್ಮ ರಾಜ್ಯದ ಕಳೆಪಟ್ಟಿ ಒಂದ್ಸಲ ನೋಡ್ಲಿ.

ಇತಿ,
ಯಾರ್ಕ್‌ಶೈರಿನಿಂದ ನಿಮ್ಮ ಓದುಗರಲ್ಲೊಬ್ಬಳು