ಜೇಬಿನಲ್ಲಿ ಹಿಡಿಯುವ ಟ್ರೈಪಾಡ್

ಸಂಪಾದಕರಿಗೆ ನಮಸ್ಕಾರ.

ರಜೆ ಬಂದರೆ ಸಾಕು, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಚಿತ್ರದುರ್ಗದ ಕೋಟೆ ಹತ್ತುವ ಹುಡುಗರು ಜಾಸ್ತಿ. ಪುರಾತತ್ವ ಇಲಾಖೆ ಕಾಯುವ ಇಂಥ ಜಾಗಗಳಲ್ಲಿ ಟ್ರೈಪಾಡ್, ಅಂದರೆ ಕ್ಯಾಮೆರಾ ಅಲ್ಲಾಡದಂತೆ ಹಿಡಿಯುವ ಮೂರು ಕಾಲಿನ ಸ್ಟ್ಯಾಂಡ್, ಇಡಲು ಅನುಮತಿ ಬೇಕು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿರೋದಿಲ್ಲ. ಸಿಕ್ಕರೂ ಆ ಬಂಡೆ ಮೆಟ್ಟಿಲಲ್ಲಿ ಅದನ್ನು ಹೊರೋರು ಯಾರು? ನಾನಂತೂ ಒಂದು ಬೋಲ್ಟು, ಒಂದಷ್ಟು ನೈಲಾನ್ ದಾರ ಜೇಬಿಗೆ ಹಾಕಿಕೊಂಡು ಹೋಗುತ್ತೇನೆ.

ಕ್ಯಾಮೆರಾ ತಳದಲ್ಲಿ ಟ್ರೈಪಾಡ್ ಸಿಕ್ಕಿಸುವ ತೂತು ಇದೆಯಲ್ಲ, ಅದು ಕಾಲು ಇಂಚಿನದು, ಇಂಚಿಗೆ 20 ಥ್ರೆಡ್ (ತಿರುಪಿನ ಸುತ್ತು). ಅದಕ್ಕೆ ಹೊಂದುವ ಬೋಲ್ಟಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ಚಪ್ಪಲಿಯಡಿ ತುಳಿದು, ಕ್ಯಾಮೆರಾವನ್ನು ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿಯಿರಿ. ಅಷ್ಟೇ. ದಾರ ಉದ್ದ ಇದ್ದರೆ ಕೆಳಗೆ ಕುಣಿಕೆ ಮಾಡಿ ಎರಡೂ ಕಾಲಲ್ಲಿ ಅಗಲಿಸಿ ತುಳಿಯಿರಿ, ಪಕ್ಕಕ್ಕೆ ಅಲ್ಲಾಡೋದೂ ಕಡಿಮೆಯಾಗುತ್ತದೆ. ಓಬವ್ವನ ಕಿಂಡಿಯ ನೆರಳಲ್ಲಿ ಶಟರ್ 1/15 ಸೆಕೆಂಡ್ ತೆರೆದಿಟ್ಟು (ಬರಿಗೈಲಾದರೆ ಫೋಟೊ ಅಲುಗಿ ಮಸುಕಾಗೋ ವೇಗ) ತೆಗೆದ ಫೋಟೊದಲ್ಲಿ ಕಲ್ಲಿನ ಮೇಲಿನ ಪಾಚಿ ಕೂಡ ಚೆನ್ನಾಗಿ ಬಂತು. ರಾತ್ರಿ ನಕ್ಷತ್ರ ತೆಗೀತೀನಿ ಅಂದರೆ ಮಾತ್ರ ಇದು ಆಗೋದಿಲ್ಲ.

ಒಂದು ಎಚ್ಚರಿಕೆ. ಮೊದಲ ಸಲ ಅಂಗಡಿಯವರು 6 ಎಂಎಂ ಬೋಲ್ಟ್ ಕೊಟ್ಟರು, ನಾನೂ ನೋಡದೆ ತಂದೆ. ಕಣ್ಣಿಗೆ ಎರಡೂ ಒಂದೇ ಥರ. ಒಂದೆರಡು ಸುತ್ತು ಸಡಿಲವಾಗಿ ಹೋಗಿ ಗಕ್ಕನೆ ಸಿಕ್ಕಿಕೊಂಡಿತು, ಇನ್ನೊಂಚೂರು ತಿರುಗಿಸಿದ್ದರೆ ಕ್ಯಾಮೆರಾ ಥ್ರೆಡ್ಡೇ ಹೋಗುತ್ತಿತ್ತು. ಇನ್ನು ಬೋಲ್ಟು ಉದ್ದ ಇದ್ದರೆ ನಟ್ಟು, ವಾಷರ್ ಹಾಕಿ, ಒಳಗೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಹೋಗದ ಹಾಗೆ ನೋಡಿಕೊಳ್ಳಿ.

ಎರಡನೆಯ ಉಪಾಯ, ಕ್ಯಾಮೆರಾ ಅಲ್ಲಾಡದಂತೆ ಕೂರಿಸೋಕೆ ಕಾಳಿನ ಚೀಲ. ಅಕ್ಕ ಹಳೆ ಜೀನ್ಸಿನ ಕಾಲು ಕತ್ತರಿಸಿ ಹೊಲಿದು ಕೊಟ್ಟಳು. ನಾವು ದಾವಣಗೆರೆಯವರು ನೋಡಿ, ಹಗುರ ಇರುತ್ತೆ ಅಂತ ಮೊದಲು ಮಂಡಕ್ಕಿ ತುಂಬಿದೆ! ಕ್ಯಾಮೆರಾ ಇಟ್ಟ ಕೂಡಲೇ ಪುಡಿಪುಡಿ, ಅಕ್ಕ ಇವತ್ತಿಗೂ ನಗ್ತಾಳೆ. ಮೆಕ್ಕೆಜೋಳದ ಕಾಳು ದಪ್ಪ, ಲೆನ್ಸ್ ಸರಿಯಾಗಿ ಕೂರಲಿಲ್ಲ. ಕೊನೆಗೆ ರಾಗಿ. ಮುಕ್ಕಾಲು ಚೀಲ ತುಂಬಿದರೆ ಸಾಕು, ಲೆನ್ಸ್ ತಾನೇ ಗುಳಿ ಮಾಡಿಕೊಂಡು ಕೂರುತ್ತದೆ. ಕುಂದವಾಡ ಕೆರೆ ಏರಿಯ ಕಲ್ಲಿನ ಮೇಲೆ ಇದನ್ನಿಟ್ಟು, 2 ಸೆಕೆಂಡ್ ಟೈಮರ್ ಹಾಕಿ ಕೈ ತೆಗೆದುಬಿಡಿ. ಮನೆಗೆ ಬಂದ ಮೇಲೆ ಚೀಲ ಬಿಸಿಲಿಗೆ ಹಾಕಿ, ಇಲ್ಲಾಂದ್ರೆ ಹುಳ ಹಿಡಿಯುತ್ತೆ.

ಸಾವಿರಾರು ರೂಪಾಯಿಯ ಸ್ಟ್ಯಾಂಡ್ ಬೇಕು ಅಂತ ಮಕ್ಕಳು ಹಟ ಹಿಡಿಯೋ ಮನೆಗಳು ನಮ್ಮ ಬೀದಿಯಲ್ಲೇ ಮೂರಿವೆ. ಇಂಥ ಕೈಕೆಲಸಗಳನ್ನು ಓದುಗರು ಬರೆದು ಕಳಿಸೋಕೆ ಭಾನುವಾರದ ಪುಟದಲ್ಲಿ ಅಂಗೈಯಗಲ ಜಾಗ ಕೊಡ್ತೀರಾ?

– ನಿಮ್ಮ ಓದುಗ, ದಾವಣಗೆರೆ