ಜಪಾನಿ ಕಲಿಯುತ್ತಿರುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಪರೀಕ್ಷೆಯ ಆರಂಭದ ಹಂತವಾದ ಎನ್5 ಪಾಸಾಗಿದ್ದಕ್ಕೆ ಮೊದಲು ಅಭಿನಂದನೆ. ನಿನ್ನ ಪತ್ರದಲ್ಲಿ ಆ ಒಂದು ಸಾಲು ಬಿಟ್ಟರೆ ಮಿಕ್ಕಿದ್ದೆಲ್ಲ ದೂರೇ: ಜಪಾನಿನವರೊಬ್ಬರು ಎದುರಿಗೆ ಸಿಕ್ಕಾಗ ಬಾಯಿಂದ ಒಂದು ವಾಕ್ಯ ಹೊರಡಲಿಲ್ಲ, ಮೇಷ್ಟ್ರು ಸರಿಯಾಗಿ ಕಲಿಸಿಲ್ಲ, ಕಟ್ಟಿದ ಫೀಸು ದಂಡ. ನಾನೂ ಭಾಷೆಯ ಪಾಠ ಹೇಳಿಯೇ ಹೊಟ್ಟೆ ಹೊರೆಯುವವನು. ಹಾಗಾಗಿ ಮೇಷ್ಟ್ರ ಕಡೆಗೆ ವಾಲುತ್ತೇನೆ ಅಂತ ನಿನಗೆ ಗುಮಾನಿ ಇದ್ದೀತು. ವಾಲುತ್ತೇನೆ, ಆದರೆ ಪೂರ್ತಿ ಅಲ್ಲ.

ಮೊದಲು ಪರೀಕ್ಷೆಯ ವಿಷಯ. ಜೆಎಲ್‌ಪಿಟಿಯಲ್ಲಿ ಎನ್5ರಿಂದ ಎನ್1ರವರೆಗೆ ಯಾವ ಹಂತದಲ್ಲೂ ನಿನ್ನನ್ನು ಮಾತಾಡಿಸುವುದಿಲ್ಲ. ಪದ, ವ್ಯಾಕರಣ, ಓದುವುದು, ಕೇಳಿ ಅರ್ಥ ಮಾಡಿಕೊಳ್ಳುವುದು, ಇಷ್ಟೇ. ಅದೂ ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸಿದರೆ ಆಯಿತು. ಸೇರುವಾಗ ನೀನು ಕೇಳಿದ್ದು ಪಾಸು ಮಾಡಿಸಿ ಅಂತ. ಅವರು ಮಾಡಿಸಿದರು. ಮಾತಾಡಬೇಕು ಅನ್ನುವ ಆಸೆ ನಿನ್ನೊಳಗೇ ಉಳಿಯಿತು. ಯಾತಕ್ಕೆ ಕಲಿಯುತ್ತಿದ್ದೇನೆ ಅಂತ ಬಾಯಿಬಿಟ್ಟು ಹೇಳುವ ಹೊಣೆ ನಿನ್ನದಾಗಿತ್ತು ಕಣೋ. ಮೊದಲ ದಿನವೇ ಅದನ್ನು ಕೇಳಿ ತಿಳಿದುಕೊಳ್ಳುವ ಹೊಣೆ ಅವರದಾಗಿತ್ತು. ಇಬ್ಬರೂ ಸುಮ್ಮನಿದ್ದಿರಿ.

ಇನ್ನು ಗಂಟೆಗಳ ಲೆಕ್ಕ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ತಾನೇ ಭಾಷೆ ಕಲಿಸುತ್ತದೆ. ಇಂಗ್ಲಿಷ್ ಮನೆಮಾತಿನವರಿಗೆ ಕೆಲಸಕ್ಕೆ ಸಾಲುವಷ್ಟು ಜಪಾನಿ ಬರಲು ಸುಮಾರು 2200 ಗಂಟೆಗಳ ತರಗತಿ ಬೇಕು ಅನ್ನುವುದು ಅದರ ಅಂದಾಜು. ಸಂಬಳ ಕೊಟ್ಟು ಕೂರಿಸಿ ಕಲಿಸುವ ತರಗತಿ ಅದು. ಮನೆಯಲ್ಲಿ ಓದಿಕೊಳ್ಳುವುದು ಬೇರೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು ಕನ್ನಡಿಗರಾದ ನಮಗೆ ಹೊಸದಲ್ಲವಾದ್ದರಿಂದ ಅಲ್ಲಿ ಒಂದಿಷ್ಟು ಉಳಿತಾಯವಾದೀತು. ಕಾಂಜಿಯಲ್ಲಿ, ಅಂದರೆ ಚೀನೀ ಮೂಲದ ಲಿಪಿಚಿಹ್ನೆಗಳಲ್ಲಿ, ಅಂಥ ರಿಯಾಯಿತಿ ಇಲ್ಲ. ನಿತ್ಯಬಳಕೆಯವು ಅಂತ ಅಲ್ಲಿನ ಸರ್ಕಾರ ಪಟ್ಟಿ ಮಾಡಿರುವುದೇ 2136. ವಾರಕ್ಕೆ ನಾಲ್ಕು ಗಂಟೆಯ ತರಗತಿಯೊಂದನ್ನೇ ನಂಬಿ ಕೂತರೆ 2200 ಮುಟ್ಟುವಷ್ಟರಲ್ಲಿ ಹತ್ತು ವರ್ಷ ದಾಟಿರುತ್ತದೆ. ಇಪ್ಪತ್ತು ಜನರ ತರಗತಿಯಲ್ಲಿ ಮೇಷ್ಟ್ರು ತುಟಿಯನ್ನೇ ಬಿಚ್ಚದೆ ಇದ್ದರೂ ಗಂಟೆಗೆ ನಿನ್ನ ಪಾಲಿಗೆ ಬರುವುದು ಮೂರೇ ನಿಮಿಷದ ಮಾತು. ಉಳಿದದ್ದನ್ನು ನೀನು ಹೊರಗೆ ದುಡಿದುಕೊಳ್ಳಬೇಕು.

ನೆನಪಿನಲ್ಲಿ ಇಟ್ಟುಕೊಳ್ಳುವುದೂ ಅಷ್ಟೇ. ಕಲಿತದ್ದರಲ್ಲಿ ಬಹುಪಾಲು ಮೊದಲ ಒಂದು ದಿನದೊಳಗೇ ಜಾರಿಹೋಗುತ್ತದೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿಟ್ಟ. ಮಂಗಳವಾರ ಕಲಿತ ಪದವನ್ನು ಬುಧವಾರ ಒಮ್ಮೆ, ಭಾನುವಾರ ಇನ್ನೊಮ್ಮೆ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಬೇಕಾದವನು ನೀನು. ಈ ಕೆಲಸವನ್ನು ಫೀಸು ಕೊಟ್ಟು ಇನ್ನೊಬ್ಬರಿಂದ ಮಾಡಿಸಲಾಗದು.

ಆದರೆ ನಿನ್ನ ಒಂದು ದೂರು ನನಗೆ ನ್ಯಾಯವಾಗಿಯೇ ಕಂಡಿತು. ತಪ್ಪಿದ ತಕ್ಷಣ ತಾವೇ ಸರಿಯಾದ ವಾಕ್ಯ ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ ಅಂದೆಯಲ್ಲ, ಅದು. ನೀನು 'ತೋಶೋಕಾನ್ ನಿ ಬೆಂಕ್ಯೋ ಶಿಮಾಸು' ಅನ್ನುತ್ತೀಯ. ಲೈಬ್ರರಿಯಲ್ಲಿ ಓದುತ್ತೇನೆ ಅನ್ನಲು ಅಲ್ಲಿ 'ನಿ' ಅಲ್ಲ, 'ದೆ' ಬರಬೇಕು. ಅವರು ಸರಿ ವಾಕ್ಯ ಅನ್ನುತ್ತಾರೆ, ನೀನು ತಲೆಯಾಡಿಸುತ್ತೀಯ, ಮುಂದಿನ ವಾರ ಮತ್ತೆ 'ನಿ'. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದ ಪ್ರಾಥಮಿಕ ತರಗತಿಗಳಲ್ಲಿ ಕೂತು ಇದನ್ನೇ ಗಮನಿಸಿದ ಸಂಶೋಧಕರಾದ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ 1997ರಲ್ಲಿ ವರದಿ ಮಾಡಿದರು. ಶಿಕ್ಷಕರು ಅತಿ ಹೆಚ್ಚು ಬಳಸುತ್ತಿದ್ದದ್ದು ಹೀಗೆ ತಾವೇ ತಿದ್ದಿ ಹೇಳುವ ಕ್ರಮ. ಮಕ್ಕಳು ತಮ್ಮ ತಪ್ಪನ್ನು ತಾವೇ ಸರಿಮಾಡಿಕೊಳ್ಳಲು ಅದರಿಂದ ಅವಕಾಶವೇ ಸಿಗುತ್ತಿರಲಿಲ್ಲ. 'ಎಲ್ಲಿ ಓದುತ್ತೀಯ? ಇನ್ನೊಂದು ಸಲ ಹೇಳು' ಅಂತ ಕೇಳಿ ಕಾದಾಗ ಅವು ಎಷ್ಟೋ ಸಲ ತಡಕಾಡಿಯಾದರೂ ಸರಿ ರೂಪಕ್ಕೆ ಬರುತ್ತಿದ್ದವು.

ಕಾಯುವುದು ಕಷ್ಟ, ನನ್ನ ಮಾತು ನಂಬು. ತರಗತಿ ಮೌನವಾಯಿತೆಂದರೆ ಪಾಠ ಹೇಳುವವನಿಗೆ ಕಸಿವಿಸಿ. ಮೇಲೆ, ನಿನ್ನಂಥವರೂ 'ಬೇಗ ಉತ್ತರ ಹೇಳಿ ಸಾರ್' ಅನ್ನುವ ಮುಖ ಮಾಡುತ್ತೀರಿ. ಆದರೂ ಕಾಯಲೇಬೇಕು, ಮೇಷ್ಟ್ರ ಕಸುಬೇ ಅದು. ತಪ್ಪು ಎಲ್ಲಿದೆ ಅಂತ ನಿನಗೆ ಒಂಟಿಯಾಗಿ ಗೊತ್ತಾಗುವುದಿಲ್ಲ. ಪದಗಳಿಗೆ ಆ್ಯಪ್ ಇದೆ, ಕೇಳಲು ರೇಡಿಯೋ ಇದೆ. ನಿನ್ನದೇ ಬಾಯಿಗೆ ಅಂಟಿಕೊಂಡ ತಪ್ಪನ್ನು ಗುರುತಿಸಿ ನಿನ್ನಿಂದಲೇ ಬಿಡಿಸುವುದಕ್ಕೆ ಎದುರಿಗೆ ಒಬ್ಬ ಮನುಷ್ಯ ಬೇಕು. ಅದನ್ನು ಮಾಡದೆ ಪುಸ್ತಕದ ಪಾಠ ಮುಗಿಸಿದರೆ ನಾನು ಅವರ ಪರ ನಿಲ್ಲುವುದಿಲ್ಲ.

ಹಾಗಂತ ಮೇಷ್ಟ್ರನ್ನು ಬದಲಿಸಬೇಡ, ಇನ್ನೂ. ಮುಂದಿನ ತರಗತಿಗೆ ಹತ್ತು ನಿಮಿಷ ಮೊದಲೇ ಹೋಗಿ, ಎನ್4ಗಿಂತ ಮೊದಲು ನನಗೆ ಮಾತು ಬರಬೇಕು ಅಂತ ಹೇಳು. ತಪ್ಪಿದಾಗ ತಕ್ಷಣ ಉತ್ತರ ಹೇಳಬೇಡಿ, ಒಂದು ಸುಳಿವು ಕೊಡಿ ಸಾಕು ಅಂತಲೂ ಕೇಳಿಕೋ. ಅದೇ ವಾರ ಮನೆಯಲ್ಲಿ ದಿನಾ ಐದು ನಿಮಿಷ ಜಪಾನಿಯಲ್ಲಿ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಅದರಲ್ಲಿ ಒಂದನ್ನು ಅವರಿಗೆ ಕೇಳಿಸು. ಅವರು ಏನಂದರು ಅಂತ ಬರೆ. ಬದಲಿಸುವ ಮಾತು ಆಮೇಲೆ ನೋಡೋಣ.

ಇಂತಿ,
ನಿನ್ನ ಗೆಳೆಯ