ಅಜ್ಜಿಯ ಹಚ್ಚೆ

ಪುಟ್ಟಿ,

"ಪೆನ್ಸಿಲ್ ಕಡ್ಡಿ ಓದೋಕೆ ಅಮೆರಿಕಾ ಯಾಕೆ?" ಅಂತ ವಿಮಾನ ನಿಲ್ದಾಣದಲ್ಲಿ ನಿನ್ನ ಗೆಳತಿಯರ ಎದುರಿಗೇ ಅಂದುಬಿಟ್ಟೆ. ನೀನು ತಿರುಗಿ ನೋಡದೆ ಒಳಗೆ ಹೋದೆ. ತಪ್ಪು ನನ್ನದೇ.

ನೀನು ಬಿಟ್ಟುಹೋದ ಹಾಳೆಗಳನ್ನು ನಿಘಂಟು ಹಿಡಿದು ಓದಿದೆ. 2004ರಲ್ಲಿ ಮ್ಯಾಂಚೆಸ್ಟರಿನ ವಿಜ್ಞಾನಿಗಳು ಗೈಮ್, ನೊವೊಸೆಲೊವ್ ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟಿಗೆ ಟೇಪು ಅಂಟಿಸಿ ಕಿತ್ತು, ಮತ್ತೆ ಅಂಟಿಸಿ ಕಿತ್ತು, ಒಂದೇ ಪರಮಾಣು ದಪ್ಪದ ಗ್ರಾಫೀನ್ ತೆಗೆದರಂತೆ. 2010ರಲ್ಲಿ ನೊಬೆಲ್. ಟೇಪಿಗೆ ನೊಬೆಲ್ಲಾ ಅಂತ ನಿಮ್ಮಮ್ಮನಿಗೆ ಒಂದೇ ನಗು.

ಆದರೆ ನಾನು ನಿಂತುಬಿಟ್ಟಿದ್ದು ನಿಮ್ಮ ಟೆಕ್ಸಾಸಿನ ಆಸ್ಟಿನ್ ಯೂನಿವರ್ಸಿಟಿಯವರು 2022ರಲ್ಲಿ ತೋರಿಸಿದ ಹಚ್ಚೆಯ ಪುಟದಲ್ಲಿ. ಮಣಿಕಟ್ಟಿನ ನಾಳದ ಮೇಲೆ ಗ್ರಾಫೀನ್ ಪಟ್ಟಿ ಅಂಟಿಸಿ, ಚೂರೇ ಚೂರು ಕರೆಂಟು ಹರಿಸಿ, ನಾಡಿ ಮಿಡಿದ ಹಾಗೆ ಅದಕ್ಕೆ ಆಗುವ ತಡೆಯ ಏರಿಳಿತದಿಂದ ಬಿಪಿ ಲೆಕ್ಕ ಹಾಕುತ್ತಾರೆ. ತೋಳಿಗೆ ಗಾಳಿ ತುಂಬುವ ಪಟ್ಟಿ ಬೇಡ.

ಅಜ್ಜಿಯ ಹಚ್ಚೆಯೂ ಅದೇ ಜಾಗದಲ್ಲಿತ್ತು. ಹಸಿರು ಬಳ್ಳಿ, ಮೂರು ಚುಕ್ಕಿ. ಆ ದಿನ ಮಧ್ಯಾಹ್ನ ಬಿಪಿ ನೋಡಿಸಿದಾಗ 130/80. "ಚೆನ್ನಾಗಿದೆ" ಅಂದರು. ನಾನು ಪಕ್ಕದಲ್ಲೇ ಚಾಪೆ ಹಾಕಿ ಮಲಗಿದ್ದೆ. ನಡುವೆ ಒಮ್ಮೆ ಎದ್ದು ಅವಳ ಕೈಯನ್ನು ಹೊದಿಕೆಯೊಳಗೆ ಸೇರಿಸಿದೆ. ಹೆಬ್ಬೆರಳು ಸರಿಯಾಗಿ ಆ ಚುಕ್ಕಿಗಳ ಮೇಲೇ ಇತ್ತು. ನಾಡಿ ಹೊಡೆಯುತ್ತಿತ್ತು. ಜೋರಾಗಿತ್ತೋ ಇಲ್ಲವೋ, ಇಷ್ಟು ವರ್ಷವಾದರೂ ನೆನಪಾಗುತ್ತಿಲ್ಲ. ಎಷ್ಟು ಸಲ ನನ್ನ ಮಣಿಕಟ್ಟನ್ನೇ ಹಿಡಿದು ಹೋಲಿಸಿ ನೋಡಿದ್ದೇನೋ! ಮುಂದಿನದು ನಿನಗೆ ಗೊತ್ತು.

ಊಟ ಬಿಡಬೇಡ. ಚಟ್ನಿಪುಡಿ ಡಬ್ಬಿ ಸೂಟ್‌ಕೇಸಿನ ಎಡಮೂಲೆಯಲ್ಲಿದೆ. ಇನ್ನೊಂದು, ನಿಮ್ಮ ಹಚ್ಚೆಯನ್ನು ಎ.ಸಿ. ರೂಮಿನ ಹುಡುಗರ ಕೈಗೆ ಮಾತ್ರ ಅಂಟಿಸಿ ನೋಡಿದರೆ ಸಾಲದು. ಗದ್ದೆಯಲ್ಲಿ ಬೆವರಿದ ಕೈ, ಪಾತ್ರೆ ತಿಕ್ಕಿ ಒರಟಾದ ಕೈ, ಮುದುಕಿಯ ಸುಕ್ಕುಗಟ್ಟಿದ ಕೈ, ಅಲ್ಲೆಲ್ಲ ನಿಲ್ಲುತ್ತದೋ ನೋಡಬೇಕು. ಯಾರ ಬಿಪಿ ಯಾರ ಕಂಪ್ಯೂಟರಿಗೆ ಹೋಗುತ್ತದೆ ಅಂತಲೂ ಕೇಳು, ಸಂಕೋಚ ಬೇಡ. ನೋಡು, ಮತ್ತೆ ಪಾಠ ಶುರು ಮಾಡಿದೆ.

ನಿನ್ನ ಫೋಟೋವನ್ನು ಹಾಲಿನವನಿಗೂ ತೋರಿಸಿ "ಹಚ್ಚೆ ಹಾಕೋದು ಕಲಿಯೋಕೆ ಹೋಗಿದ್ದಾಳೆ" ಅಂದೆ. ಪಾಪ, ಅವನು ಗಾಬರಿಯಾದ.

ಒಂದು ಲೆಕ್ಕ ಕೇಳಬೇಕಿತ್ತು. ಆ ಹಚ್ಚೆಯಿಂದ ನಿಮ್ಮವರು 300 ನಿಮಿಷಕ್ಕೂ ಹೆಚ್ಚು ಹೊತ್ತು ಬಿಡದೆ ಬಿಪಿ ಅಳೆದರು ಅಂತಿದೆ. ಅಜ್ಜಿ ಮಲಗಿದ್ದು ಒಂಬತ್ತಕ್ಕೆ. 300 ನಿಮಿಷ ಅಂದರೆ ರಾತ್ರಿ ಎರಡು. ನಾನು ಎದ್ದು ನೋಡಿದ್ದು ನಾಲ್ಕೂವರೆಗೆ. ಬೆಳಗಿನ ಜಾವದವರೆಗೂ ಬರುವ ಹಾಗೆ ಮಾಡಲು ಆಗುತ್ತದಾ? ಬಿಡುವಾದಾಗ ಬರಿ.

ಅಪ್ಪ